ಗಾಲ್ಫ್ ಸ್ವಿಂಗ್ ಸರಿಹೋಗಬೇಕಾ? ಮೊದಲು ನಿಲ್ಲೋದು ಸರಿಮಾಡಿಕೊಳ್ಳಿ

ಗಾಲ್ಫ್ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜ್‌ನಲ್ಲಿ ಹೊಸಬರು ಬಾಲ್ ಹೊಡೆಯುವುದನ್ನು ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ. ಒಂದು ಬಾಲ್ ಚೆನ್ನಾಗಿ ಎದ್ದು ಹೋಗುತ್ತದೆ. ಮುಂದಿನದು ನೆಲ ಬಿಟ್ಟು ಏಳುವುದೇ ಇಲ್ಲ. ಅದರ ಮುಂದಿನದಕ್ಕೆ ಕ್ಲಬ್ (ಹೊಡೆಯುವ ಕೋಲು) ಬಾಲಿಗಿಂತ ಮೊದಲೇ ಮ್ಯಾಟ್‌ಗೆ ಬಡಿಯುತ್ತದೆ. ಹೊಡೆದವರು ಗ್ರಿಪ್ ನೋಡಿಕೊಳ್ಳುತ್ತಾರೆ, ಕೈಯನ್ನು ಬೈದುಕೊಳ್ಳುತ್ತಾರೆ, ಪಕ್ಕದವರ ಕ್ಲಬ್ ಕೇಳಿ ಹೊಡೆದು ನೋಡುತ್ತಾರೆ. ತಾವು ಹೇಗೆ ನಿಂತಿದ್ದೀವಿ ಅಂತ ನೋಡಿಕೊಳ್ಳುವವರು ಮಾತ್ರ ತೀರಾ ಕಡಿಮೆ.

ಸ್ವಲ್ಪ ಲೆಕ್ಕ ಹಾಕಿ. ಗಾಲ್ಫ್ ಬಾಲಿನ ವ್ಯಾಸ 42.67 ಮಿಲಿಮೀಟರ್. ಅಂದರೆ ಬಾಲಿನ ನಡುಭಾಗ ನೆಲದಿಂದ ಎರಡು ಸೆಂಟಿಮೀಟರ್‌ಗಿಂತ ಸ್ವಲ್ಪವೇ ಮೇಲಿರುತ್ತದೆ. ಹೊಡೆಯುವಾಗ ನಿಮ್ಮ ಎದೆ ಅಷ್ಟು ಮೇಲೆ ಎದ್ದರೆ ಸಾಕು, ಐರನ್ನಿನ (ಚಪ್ಪಟೆ ಲೋಹದ ತಲೆಯ ಕ್ಲಬ್) ಕೆಳಗಿನ ಅಂಚು ಬಾಲಿನ ಹೊಟ್ಟೆಗೇ ತಗಲುತ್ತದೆ. ಅದೇ ಟಾಪ್. ಎದೆ ಅಷ್ಟೇ ಕೆಳಗೆ ಇಳಿದರೆ ಕ್ಲಬ್ ಮೊದಲು ನೆಲಕ್ಕೆ ಗುದ್ದುತ್ತದೆ. ಅದು ಫ್ಯಾಟ್. ಮೇಲಿಂದ ಕ್ಲಬ್ ಕೆಳಗಿಳಿದು ಬಾಲ್ ಮುಟ್ಟಲು ಸುಮಾರು ಕಾಲು ಸೆಕೆಂಡ್ ಸಾಕು. ಆ ಕಾಲು ಸೆಕೆಂಡಿನಲ್ಲಿ ‘ಅಯ್ಯೋ ಎದ್ಬಿಟ್ಟೆ’ ಅಂತ ಯೋಚಿಸಿ ಸರಿಮಾಡಿಕೊಳ್ಳುವ ಮಾತೇ ಇಲ್ಲ. ಕೈ ತಾನಾಗಿ ಏನೋ ಒಂದು ಸರ್ಕಸ್ ಮಾಡುತ್ತದೆ. ಒಮ್ಮೆ ಆ ಸರ್ಕಸ್ ಕೂಡಿಬರುತ್ತದೆ, ಮೂರು ಸಲ ಕೂಡಿಬರುವುದಿಲ್ಲ.

ಸ್ವಿಂಗ್, ಅಂದರೆ ಕ್ಲಬ್ ಬೀಸುವ ರೀತಿ, ನೋಡಲು ಚೆಂದ ಇರಲೇಬೇಕು ಅಂತೇನಿಲ್ಲ. ಅಮೆರಿಕದ ಜಿಮ್ ಫ್ಯೂರಿಕ್ ಅವರ ಸ್ವಿಂಗ್ ನೋಡಿದ್ದೀರಾ? ಕ್ಲಬ್ ಮೇಲೆ ಹೋಗುವಾಗ ಒಂದು ದಾರಿ, ಕೆಳಗೆ ಬರುವಾಗ ಇನ್ನೊಂದು ದಾರಿ. ನಡುವೆ ದೊಡ್ಡದೊಂದು ಸುತ್ತು. ಆ ಸ್ವಿಂಗ್‌ನಲ್ಲೇ ಅವರು 2003ರಲ್ಲಿ ಯುಎಸ್ ಓಪನ್ ಗೆದ್ದರು. 2016ರಲ್ಲಿ ಟ್ರಾವೆಲರ್ಸ್ ಚಾಂಪಿಯನ್‌ಶಿಪ್‌ನಲ್ಲಿ 18 ಹೋಲ್‌ಗಳ ಒಂದು ಆಟವನ್ನು 58 ಹೊಡೆತಗಳಲ್ಲಿ ಮುಗಿಸಿದರು. ಅಮೆರಿಕದ ವೃತ್ತಿಪರ ಸರಣಿಯಾದ ಪಿಜಿಎ ಟೂರ್‌ನಲ್ಲಿ ಅದಕ್ಕಿಂತ ಕಡಿಮೆ ಯಾರೂ ಹೊಡೆದಿರಲಿಲ್ಲ. ಅವರ ಕ್ಲಬ್ ಎಲ್ಲಿ ಬೇಕಾದರೂ ಸುತ್ತಲಿ, ಬಾಲಿಗೂ ದೇಹಕ್ಕೂ ಇರುವ ದೂರ ಮತ್ತು ಬೆನ್ನಿನ ಬಾಗು ಮಾತ್ರ ಅಳತೆ ತಪ್ಪುವುದಿಲ್ಲ. ಈ ಲೇಖನ ಅಷ್ಟರ ಬಗ್ಗೆ ಮಾತ್ರ. ಗ್ರಿಪ್, ಮಣಿಕಟ್ಟು, ಕ್ಲಬ್‌ನ ದಾರಿ ಇವ್ಯಾವುದೂ ಇಲ್ಲಿಲ್ಲ.

ಕೆಳಗೆ ಹೇಳಿರುವುದೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ಎಡ-ಬಲ ತಿರುಗಿಸಿ ಓದಿಕೊಳ್ಳಿ. ಕೈಯಲ್ಲಿ 7 ಐರನ್ ಇರಲಿ.

1. ಮೊದಲು ನೆಟ್ಟಗೆ ನಿಲ್ಲಿ

ಬಗ್ಗಿ ನಿಂತು ಪಾದ ಸರಿಮಾಡಿಕೊಳ್ಳುವುದಲ್ಲ. ನೆಟ್ಟಗೆ ನಿಂತು ಪಾದ ಇಟ್ಟು, ಆಮೇಲೆ ಬಾಗಬೇಕು. 7 ಐರನ್‌ಗೆ ಪಾದಗಳ ಅಂತರ ಹೆಚ್ಚುಕಡಿಮೆ ಭುಜದಷ್ಟು. ಗಿಡ್ಡ ಕ್ಲಬ್ ಆದ ವೆಡ್ಜ್‌ಗೆ ಅದಕ್ಕಿಂತ ಕಿರಿದು, ಎಲ್ಲಕ್ಕಿಂತ ಉದ್ದದ ಡ್ರೈವರ್‌ಗೆ ಸ್ವಲ್ಪ ಅಗಲ. ಎಡಪಾದದ ಬೆರಳುಗಳು ಗುರಿಯ ಕಡೆಗೆ ಸ್ವಲ್ಪ ತೆರೆದಿರಲಿ, ಹೊಡೆದ ಮೇಲೆ ದೇಹ ತಿರುಗಲು ಅನುಕೂಲ. ಬಲಪಾದ ಹೆಚ್ಚುಕಡಿಮೆ ನೇರ. ಸೊಂಟ ಸಲೀಸಾಗಿ ತಿರುಗದವರು ಬಲಪಾದವನ್ನೂ ಸ್ವಲ್ಪ ಹೊರಕ್ಕೆ ತಿರುಗಿಸಿಕೊಂಡರೆ ತಪ್ಪೇನಿಲ್ಲ.

ಅಂತರ ಜಾಸ್ತಿ ಆದರೆ ಗಟ್ಟಿಯಾಗಿ ನಿಂತ ಹಾಗೆ ಅನಿಸುತ್ತದೆ. ಆದರೆ ಸೊಂಟ ತಿರುಗುವುದಿಲ್ಲ, ದೇಹ ಅತ್ತಿತ್ತ ಜಾರಲು ಶುರುವಾಗುತ್ತದೆ. ಜೋರಾಗಿ ಹೊಡೆಯಬೇಕು ಅಂತ ಕಾಲು ಅಗಲಿಸುವವರೇ ಜಾಸ್ತಿ. ಕೊಂಚ ಕಿರಿದಾಗಿ ನಿಂತು ನೋಡಿ.

2. ಬಾಗುವುದು ತೊಡೆಸಂದಿನಿಂದ, ಬೆನ್ನಿನಿಂದಲ್ಲ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ಕಲಿಯುವುದಾದರೆ ಇದನ್ನು ಕಲಿಯಿರಿ.

ಬಗ್ಗಿ ಅಂದ ತಕ್ಷಣ ನಾವೆಲ್ಲ ಮಾಡುವುದು ಒಂದೇ. ಭುಜ ಮುಂದೆ ಬೀಳುತ್ತದೆ, ಬೆನ್ನು ಗೂನಾಗುತ್ತದೆ, ಹೊಟ್ಟೆ ಒಳಕ್ಕೆ ಮಡಚಿಕೊಳ್ಳುತ್ತದೆ. ಬಿದ್ದ ಬಾಲ್ ಎತ್ತಿಕೊಳ್ಳಲು ಅದು ಸಾಕು. ಆದರೆ ಗೂನಾದ ಬೆನ್ನು ಚೆನ್ನಾಗಿ ತಿರುಗುವುದಿಲ್ಲ. ಈಗಲೇ ಮಾಡಿ ನೋಡಿ. ಕುರ್ಚಿಯಲ್ಲಿ ಕುಸಿದು ಕೂತು ಭುಜಗಳನ್ನು ಬಲಕ್ಕೆ ತಿರುಗಿಸಿ. ಎಷ್ಟು ದೂರ ಹೋಯಿತು ನೋಡಿಕೊಳ್ಳಿ. ಈಗ ಬೆನ್ನು ನೇರ ಮಾಡಿ ಕೂತು ಮತ್ತೆ ತಿರುಗಿಸಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ, ಅಲ್ವಾ? ಗೂನಾಗಿ ನಿಂತವನಿಗೆ ಬ್ಯಾಕ್‌ಸ್ವಿಂಗ್‌ನಲ್ಲಿ, ಅಂದರೆ ಕ್ಲಬ್ ಹಿಂದಕ್ಕೆ ಎತ್ತುವಾಗ, ತಿರುಗಲು ಜಾಗ ಸಾಲುವುದಿಲ್ಲ. ಕ್ಲಬ್ ಮೇಲೆ ಹೋಗಲೇಬೇಕಲ್ಲ, ಅದಕ್ಕೆ ಅವನು ಎದ್ದು ನಿಲ್ಲುತ್ತಾನೆ, ಇಲ್ಲವೇ ಕೈಯಲ್ಲಷ್ಟೇ ಕ್ಲಬ್ ಎತ್ತುತ್ತಾನೆ. ಎರಡರಲ್ಲಿ ಯಾವುದಾದರೂ ಅಲ್ಲಿಗೆ ಲೆಕ್ಕ ತಪ್ಪಿತು.

ಸರಿಯಾಗಿ ಬಾಗುವುದು ಹೀಗೆ. ಕುಳಿತಾಗ ಪ್ಯಾಂಟಿನಲ್ಲಿ ಮಡಿಕೆ ಬೀಳುತ್ತದಲ್ಲ, ತೊಡೆ ಮತ್ತು ಹೊಟ್ಟೆ ಸೇರುವ ಜಾಗ, ಆ ತೊಡೆಸಂದಿಗೆ ಕ್ಲಬ್‌ನ ಶಾಫ್ಟ್ (ಉದ್ದನೆಯ ದಂಡ) ಅಡ್ಡ ಇಟ್ಟುಕೊಳ್ಳಿ. ಎರಡೂ ಕೈಯಲ್ಲಿ ಹಿಡಿದು ಶಾಫ್ಟ್ ಅನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ. ಪೃಷ್ಠ ಹಿಂದೆ ಹೋಗಲಿ, ಎದೆ ತಾನಾಗಿ ಮುಂದೆ ವಾಲಲಿ. ಮೊಣಕಾಲು ಇನ್ನೂ ಬಗ್ಗಿಸಬೇಡಿ. ತೊಡೆಯ ಹಿಂಭಾಗದ ಸ್ನಾಯು ಸ್ವಲ್ಪ ಎಳೆದಂತೆ ಅನಿಸಬೇಕು. ಅನಿಸದಿದ್ದರೆ ನೀವು ಬೆನ್ನನ್ನು ಬಗ್ಗಿಸಿದ್ದೀರಿ, ತೊಡೆಸಂದನ್ನಲ್ಲ. ಎತ್ತರದ ಜಗಲಿಕಟ್ಟೆಯ ಅಂಚಿಗೆ ಹಿಂಬದಿ ತಾಗಿಸಿ ಒರಗಿ ನಿಂತ ಹಾಗೆ, ಕೂತೂ ಕೂರದ ಸ್ಥಿತಿ ಅದು.

ಎಷ್ಟು ಬಾಗಬೇಕು? ಮಧ್ಯದ ಐರನ್‌ಗಳಿಗೆ ಬೆನ್ನು ಸುಮಾರು 35ರಿಂದ 45 ಡಿಗ್ರಿ ಮುಂದಕ್ಕೆ ವಾಲಿರುತ್ತದೆ. ಡಿಗ್ರಿ ಅಳೆಯುವ ಕಷ್ಟ ಬೇಡ. ಕ್ಲಬ್‌ನ ತಲೆ ನೆಲಕ್ಕೆ ಸಹಜವಾಗಿ ತಾಗುವಷ್ಟು ಬಾಗಿದರೆ ಸಾಕು. ಕ್ಲಬ್ ತಾಗಿಸಲು ಬೆನ್ನು ಇನ್ನೂ ಬಗ್ಗಿಸಬೇಕಾಗಿ ಬಂದರೆ ತೊಡೆಸಂದು ಸಾಕಷ್ಟು ಮಡಚಿಲ್ಲ ಅಂತ ಅರ್ಥ. ಇಲ್ಲವೇ ಕ್ಲಬ್ ನಿಮ್ಮ ಎತ್ತರಕ್ಕೆ ಗಿಡ್ಡವಾಗಿದೆ.

ಈಗ ಪರೀಕ್ಷೆ. ಅದೇ ಕ್ಲಬ್ಬನ್ನು ಬೆನ್ನಿನುದ್ದಕ್ಕೂ ಇಟ್ಟುಕೊಳ್ಳಿ. ತಲೆಯ ಹಿಂಭಾಗ, ಭುಜಗಳ ನಡುವಿನ ಬೆನ್ನು, ಬೆನ್ನುಮೂಳೆಯ ತುದಿ, ಈ ಮೂರು ಕಡೆ ಶಾಫ್ಟ್ ತಾಗಬೇಕು. ಹಾಗೆ ಇಟ್ಟುಕೊಂಡೇ ಬಾಗಿ. ತಲೆ ಶಾಫ್ಟ್ ಬಿಟ್ಟು ಮುಂದೆ ಹೋದರೆ ಕತ್ತು ಕುಸಿದಿದೆ. ಬೆನ್ನುಮೂಳೆಯ ತುದಿಯಲ್ಲಿ ಶಾಫ್ಟ್ ಬಿಟ್ಟರೆ ಬೆನ್ನು ಗೂನಾಗಿದೆ. ಕೆಳಬೆನ್ನಿಗೂ ಶಾಫ್ಟ್‌ಗೂ ನಡುವೆ ಅಂಗೈ ತೂರುವಷ್ಟು ಜಾಗ ಇದ್ದರೆ ಸರಿ. ಮುಷ್ಟಿ ತೂರಿದರೆ ಬೆನ್ನು ಜಾಸ್ತಿ ಕಮಾನಾಗಿದೆ.

ಕಮಾನಾಗುವುದು ಗೂನಾಗುವುದಕ್ಕಿಂತ ಕಡಿಮೆ ತಪ್ಪೇನಲ್ಲ. ಕೋಚ್‌ಗಳು ಗೂನು ನಿಲುವನ್ನು ಸಿ-ಪೋಸ್ಚರ್ ಅಂತಲೂ ಕಮಾನು ನಿಲುವನ್ನು ಎಸ್-ಪೋಸ್ಚರ್ ಅಂತಲೂ ಕರೆಯುತ್ತಾರೆ. ‘ಎದೆ ಎತ್ತಿ, ಹಿಂಬದಿ ಹೊರಗೆ ಹಾಕಿ’ ಅಂತ ಯಾರೋ ಹೇಳಿದ್ದನ್ನು ಶ್ರದ್ಧೆಯಿಂದ ಪಾಲಿಸಿದವರೇ ಎಸ್ ಆಗುತ್ತಾರೆ. ಆಗ ಹೊಟ್ಟೆಯ ಸ್ನಾಯು ಸಡಿಲಾಗಿ ಕೆಳಬೆನ್ನಿನ ಮೇಲೆ ಭಾರ ಬೀಳುತ್ತದೆ. ಹವ್ಯಾಸಿ ಗಾಲ್ಫರ್‌ಗಳಿಗೆ ಹೆಚ್ಚಾಗಿ ನೋಯುವುದೇ ಕೆಳಬೆನ್ನು. ಹೊಕ್ಕುಳನ್ನು ಸ್ವಲ್ಪ ಒಳಗೆಳೆದುಕೊಂಡರೆ ಕಮಾನು ತಾನಾಗಿ ಇಳಿಯುತ್ತದೆ.

3. ಮೊಣಕಾಲಿನ ಬೀಗ ತೆಗೆಯಿರಿ, ಅಷ್ಟೇ

ಬಾಗಿದ ಮೇಲೆ ಮೊಣಕಾಲನ್ನು ಸ್ವಲ್ಪ ಸಡಿಲ ಬಿಡಿ. ಕೂರಬೇಡಿ. ಜಾಸ್ತಿ ಮಡಚಿದರೆ ಬೆನ್ನು ನೆಟ್ಟಗಾಗುತ್ತದೆ, ಭಾರ ಹಿಮ್ಮಡಿಗೆ ಹೋಗುತ್ತದೆ. ಮೇಲಿನಿಂದ ನೋಡಿದರೆ ಮಂಡಿ ಚಿಪ್ಪು ಶೂ ಲೇಸ್ ಕಟ್ಟುವ ಜಾಗದ ಮೇಲೆ ಕಾಣಬೇಕು. ಬೆರಳ ತುದಿ ದಾಟಿ ಮುಂದೆ ಬಂದಿದ್ದರೆ ನೀವು ಕೂತಿದ್ದೀರಿ.

4. ಕೈ ತೂಗಲಿ

ತೋಳುಗಳು ಭುಜದಿಂದ ನೇರ ಕೆಳಕ್ಕೆ ತೂಗಬೇಕು. ಬಾಲಿಗಾಗಿ ಕೈ ಚಾಚುವುದಲ್ಲ, ಕೈ ತೂಗುವ ಜಾಗಕ್ಕೆ ಸರಿಯಾಗಿ ಬಾಲಿನಿಂದ ದೂರ ನಿಲ್ಲುವುದು. ಸುಲಭದ ಪರೀಕ್ಷೆ ಒಂದಿದೆ. ಹೊಡೆಯಲು ನಿಂತ ಮೇಲೆ ಬಲಗೈಯನ್ನು ಗ್ರಿಪ್‌ನಿಂದ ಬಿಟ್ಟು ಸುಮ್ನೆ ನೇತುಬಿಡಿ. ಅದು ಗ್ರಿಪ್ ಪಕ್ಕದಲ್ಲೇ ನಿಂತರೆ ದೂರ ಸರಿಯಿದೆ. ತೊಡೆಯ ಕಡೆಗೆ ಬಂದುಬಿಟ್ಟರೆ ನೀವು ಬಾಲಿನಿಂದ ತುಂಬಾ ದೂರ ನಿಂತು ಕೈ ಚಾಚಿದ್ದೀರಿ. ಗ್ರಿಪ್ ದಾಟಿ ಬಾಲಿನ ಕಡೆ ಹೋದರೆ ತೀರಾ ಹತ್ತಿರ. ಐರನ್‌ಗಳಿಗೆ ಗ್ರಿಪ್‌ನ ತುದಿಗೂ ತೊಡೆಗೂ ನಡುವೆ ಒಂದು ಅಂಗೈ ಅಗಲ, ಡ್ರೈವರ್‌ಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ಜಾಗ ಸಿಗುತ್ತದೆ.

ಹೊಟ್ಟೆ ಇರುವವರು ಕೈಗೆ ಜಾಗ ಬೇಕು ಅಂತ ದೂರ ನಿಂತು ಬೆನ್ನು ಬಗ್ಗಿಸುತ್ತಾರೆ. ಅದರ ಬದಲು ತೊಡೆಸಂದಿನಿಂದ ಇನ್ನೂ ಸ್ವಲ್ಪ ಬಾಗಿ. ಜಾಗ ತಾನಾಗಿ ಆಗುತ್ತದೆ.

5. ಭಾರ ಎಲ್ಲಿ?

ಪಾದದ ನಡುಭಾಗದಲ್ಲಿ, ಲೇಸ್ ಕೆಳಗೆ. ಹಿಮ್ಮಡಿಯಲ್ಲೂ ಅಲ್ಲ, ಬೆರಳ ತುದಿಯಲ್ಲೂ ಅಲ್ಲ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ಬೆರಳು ಎತ್ತಿ ಇಳಿಸಿ. ಎರಡನ್ನೂ ತೂರಾಡದೆ ಮಾಡಲಾಗಬೇಕು. ಬೆರಳ ಮೇಲೆ ಭಾರ ಹಾಕಿ ನಿಂತವರು ಹೊಡೆಯುವಾಗ ಬಾಲಿನ ಕಡೆಗೆ ಮುಗ್ಗರಿಸುತ್ತಾರೆ. ಆಗ ಬಾಲ್ ಕ್ಲಬ್‌ನ ತಲೆ ಶಾಫ್ಟ್‌ಗೆ ಸೇರುವ ಬುಡಕ್ಕೆ ತಗಲಿ ಬಲಕ್ಕೆ ಸಿಡಿಯುತ್ತದೆ. ಶ್ಯಾಂಕ್ ಅಂದರೆ ಅದೇ.

6. ಬಲಭುಜ ಸ್ವಲ್ಪ ಕೆಳಗೆ

ಗ್ರಿಪ್‌ನಲ್ಲಿ ಬಲಗೈ ಎಡಗೈಗಿಂತ ಕೆಳಗಿರುತ್ತದೆ. ಹಾಗಾಗಿ ಬಲಭುಜವೂ ಕೆಳಗಿರಬೇಕು. ಇದನ್ನು ಮರೆತು ಎರಡೂ ಭುಜ ಸಮ ಇಟ್ಟುಕೊಳ್ಳಲು ಹೋದರೆ ಬಲಭುಜ ಬಾಲಿನ ಕಡೆಗೆ ತಿರುಗಿ ಮುಂದೆ ಬರುತ್ತದೆ. ಅಲ್ಲಿಂದ ಕ್ಲಬ್ ಹೊರಗಿನಿಂದ ಒಳಕ್ಕೆ ಬರುವ ದಾರಿ ಹಿಡಿಯುತ್ತದೆ. ಬಾಲ್ ಬಲಕ್ಕೆ ಬಳುಕುತ್ತದೆ, ಸ್ಲೈಸ್.

ನಿಂತ ಮೇಲೆ ಸೊಂಟವನ್ನು ಒಂದೆರಡು ಇಂಚು ಗುರಿಯ ಕಡೆಗೆ ಸರಿಸಿ. ಬೆನ್ನುಮೂಳೆ ತಾನಾಗಿ ಬಲಕ್ಕೆ ಸ್ವಲ್ಪ ವಾಲುತ್ತದೆ. 7 ಐರನ್‌ಗೆ ಇದು ಕಂಡೂ ಕಾಣದಷ್ಟು. ಡ್ರೈವರ್‌ಗೆ ಸ್ವಲ್ಪ ಜಾಸ್ತಿ. ಅಲ್ಲಿ ಬಾಲ್ ಟೀ ಅನ್ನುವ ಪುಟ್ಟ ಗೂಟದ ಮೇಲೆ, ಎಡ ಹಿಮ್ಮಡಿಯ ನೇರಕ್ಕೆ ಇರುತ್ತದೆ. ಅದನ್ನು ಕ್ಲಬ್ ಮೇಲೇರುತ್ತಾ ಹೊಡೆಯಬೇಕು.

7. ಗಲ್ಲ, ಕತ್ತು, ಕನ್ನಡಕ

ಬ್ಯಾಕ್‌ಸ್ವಿಂಗ್‌ನಲ್ಲಿ ಎಡಭುಜ ಗಲ್ಲದ ಕೆಳಗೆ ಹಾದುಹೋಗಬೇಕು. ಗಲ್ಲ ಎದೆಗೆ ಅಂಟಿದ್ದರೆ ಭುಜಕ್ಕೆ ದಾರಿಯೇ ಇಲ್ಲ. ಕತ್ತು ಬೆನ್ನಿನ ಮುಂದುವರಿದ ಗೆರೆಯಲ್ಲೇ ಇರಲಿ, ಕಣ್ಣಷ್ಟೇ ಕೆಳಗೆ ನೋಡಲಿ.

ನಲವತ್ತೈದು ದಾಟಿದವರಿಗೆ ಇಲ್ಲೊಂದು ಮಾತು. ಪ್ರೋಗ್ರೆಸಿವ್ ಅಥವಾ ಬೈಫೋಕಲ್ ಕನ್ನಡಕ ಹಾಕಿ ಆಡಿದರೆ ಓದುವ ಭಾಗ ಸರಿಯಾಗಿ ಬಾಲಿನ ನೇರಕ್ಕೆ ಬರುತ್ತದೆ. ಬಾಲ್ ಮಸುಕಾಗಿ ಕಾಣುತ್ತದೆ. ಅದನ್ನು ಮೇಲ್ಭಾಗದಿಂದ ನೋಡಲು ನಿಮಗೆ ಗೊತ್ತಿಲ್ಲದೇ ಗಲ್ಲ ಎದೆಗೆ ಒತ್ತಿಕೊಳ್ಳುತ್ತೀರಿ. ಎಷ್ಟು ಡ್ರಿಲ್ ಮಾಡಿದರೂ ಕತ್ತು ಸರಿಹೋಗುತ್ತಿಲ್ಲ ಅಂದರೆ ದೂರದೃಷ್ಟಿಗೆ ಮಾತ್ರ ಇರುವ ಕನ್ನಡಕ ಹಾಕಿ ಒಂದು ಸಲ ಆಡಿ. ಸ್ಕೋರ್‌ಕಾರ್ಡ್ ಓದೋದು ಕಷ್ಟ ಆಗಬಹುದು, ಅದನ್ನು ಜೊತೆಯವರಿಗೆ ಬಿಡಿ.

ಫೋನಿನಲ್ಲಿ ನೋಡಿಕೊಳ್ಳುವುದು

ನಿಮಗೆ ಅನಿಸುವುದೇ ಬೇರೆ, ನೀವು ಮಾಡುತ್ತಿರುವುದೇ ಬೇರೆ. ನೇರವಾಗಿದ್ದೀನಿ ಅಂತ ಅನಿಸುವಾಗ ಗೂನಾಗಿರುತ್ತೀರಿ. ಅದಕ್ಕೆ ಫೋನ್ ಬೇಕು. ಆದರೆ ಫೋನನ್ನು ಎಲ್ಲೆಂದರಲ್ಲಿ ಇಟ್ಟರೆ ಅದೂ ಸುಳ್ಳು ಹೇಳುತ್ತದೆ. ಗುರಿಯ ಗೆರೆಗೆ ಸಮಾನಾಂತರವಾಗಿ, ನಿಮ್ಮ ಬೆನ್ನಹಿಂದೆ ಅಲ್ಲ, ಬಲಪಕ್ಕದಲ್ಲಿ, ಕೈಗಳ ನೇರಕ್ಕೆ, ಕೈಗಳಷ್ಟೇ ಎತ್ತರದಲ್ಲಿ ಇಡಿ. ನೆಲದ ಮೇಲೆ ಬ್ಯಾಗಿಗೆ ಒರಗಿಸಿಟ್ಟರೆ ಎಲ್ಲರ ಬೆನ್ನೂ ಚೆನ್ನಾಗಿಯೇ ಕಾಣುತ್ತದೆ.

ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ನಿಂತಾಗ ಪೃಷ್ಠದ ಹಿಂಬದಿಗೆ ತಾಗುವಂತೆ ಒಂದು ನೆಟ್ಟಗಿನ ಗೆರೆ, ನೆತ್ತಿಗೆ ತಾಗುವಂತೆ ಒಂದು ಅಡ್ಡ ಗೆರೆ ಎಳೆಯಿರಿ. ಎಡಿಟ್ ಮಾಡುವ ಯಾವ ಆ್ಯಪ್‌ನಲ್ಲಾದರೂ ಆಗುತ್ತದೆ. ಈಗ ಬಾಲ್ ಮುಟ್ಟುವ ಕ್ಷಣಕ್ಕೆ ವಿಡಿಯೋ ನಿಲ್ಲಿಸಿ. ಪೃಷ್ಠ ಗೆರೆಯಲ್ಲೇ ಇದೆಯಾ? ತಲೆ ಗೆರೆ ದಾಟಿ ಮೇಲೆ ಹೋಗಿದೆಯಾ?

ಬಹಳ ಜನರಲ್ಲಿ ಪೃಷ್ಠ ಗೆರೆ ಬಿಟ್ಟು ಬಾಲಿನ ಕಡೆಗೆ ಬಂದಿರುತ್ತದೆ. ಇದಕ್ಕೆ ಅರ್ಲಿ ಎಕ್ಸ್‌ಟೆನ್ಶನ್ ಅನ್ನುತ್ತಾರೆ.

ಹೊಡೆಯುವಾಗ ನಿಲುವು ಉಳಿಸಿಕೊಳ್ಳುವುದು

ನಿಲ್ಲುವುದನ್ನು ಕಲಿಯಲು ಒಂದು ವಾರ ಸಾಕು. ಅದನ್ನು ಕಾಲು ಸೆಕೆಂಡ್ ಉಳಿಸಿಕೊಳ್ಳುವುದೇ ಕಷ್ಟ.

ಬೆಂಗಳೂರಿನ ಗಾಲ್ಫ್ ಕೋರ್ಸ್‌ಗಳಲ್ಲಿ ಬ್ಯಾಗ್ ಹೊರುವ ಕ್ಯಾಡಿಗಳ ಬಾಯಲ್ಲಿ ಸದಾ ಕೇಳುವ ಮಾತು ‘ತಲೆ ಎತ್ತಿಬಿಟ್ರಿ ಸರ್’. ಅವರು ನೋಡಿದ್ದು ಸುಳ್ಳಲ್ಲ, ತಲೆ ಎದ್ದಿದೆ. ಆದರೆ ತಲೆ ತಾನಾಗಿ ಎದ್ದಿಲ್ಲ. ಸೊಂಟ ಮುಂದೆ ಬಂತು, ಎದೆ ನೆಟ್ಟಗಾಯಿತು, ಎದೆಯ ಜೊತೆ ತಲೆಯೂ ಮೇಲೆ ಹೋಯಿತು. ಇದನ್ನು ಸರಿಮಾಡಲು ತಲೆಯನ್ನು ಬಲವಂತವಾಗಿ ಕೆಳಗೆ ಹಿಡಿದುಕೊಂಡರೆ ದೇಹ ತಿರುಗುವುದೇ ನಿಂತುಹೋಗುತ್ತದೆ, ಬೆನ್ನೂ ನೋಯುತ್ತದೆ. 10 ಮೇಜರ್‌ಗಳನ್ನು (ಅತಿ ದೊಡ್ಡ ಟೂರ್ನಿಗಳು) ಗೆದ್ದ ಸ್ವೀಡನ್ನಿನ ಅನ್ನಿಕಾ ಸೊರೆನ್‌ಸ್ಟಾಮ್ ಬಾಲ್ ಮುಟ್ಟುವ ಹೊತ್ತಿಗಾಗಲೇ ಮುಖವನ್ನು ಗುರಿಯ ಕಡೆ ತಿರುಗಿಸುತ್ತಿದ್ದರು. ಅವರ ತಲೆ ತಿರುಗುತ್ತಿತ್ತು, ಆದರೆ ಎದೆ ಮೇಲೇಳುತ್ತಿರಲಿಲ್ಲ. ಗಮನಿಸಬೇಕಾದ್ದು ಅದನ್ನು. ‘ತಲೆ ಕೆಳಗೆ’ ಅನ್ನುವ ಸಲಹೆಯನ್ನು ನಾನಂತೂ ಯಾರಿಗೂ ಕೊಡುವುದಿಲ್ಲ.

ಸೊಂಟ ಮುಂದೆ ಬರುವುದಕ್ಕೆ ಕಾರಣಗಳು ಮೂರ್ನಾಲ್ಕು. ಬಾಲಿಗೆ ತೀರಾ ಹತ್ತಿರ ನಿಂತಿರಬಹುದು. ಆಗ ಕೈಗೆ ಜಾಗ ಮಾಡಿಕೊಡಲು ದೇಹ ಎದ್ದು ನಿಲ್ಲುತ್ತದೆ. ನಿಂತಾಗಲೇ ಭಾರ ಬೆರಳ ಮೇಲಿರಬಹುದು. ಸೊಂಟ ತಿರುಗಲು ಬಿಗಿ ಇರಬಹುದು. ಇನ್ನೊಂದು ಕಾರಣ ತಲೆಯಲ್ಲಿದೆ. ಬಾಲನ್ನು ನಾವೇ ಗಾಳಿಗೆ ಎತ್ತಬೇಕು ಅನ್ನುವ ಭಾವನೆ. ಎತ್ತುವ ಕೆಲಸ ಕ್ಲಬ್‌ನ ಓರೆಯದ್ದು. ನೀವು ಕೆಳಮುಖವಾಗಿ ಹೊಡೆದರೂ ಐರನ್ ಬಾಲನ್ನು ತಾನಾಗಿ ಎತ್ತುತ್ತದೆ.

ಇದಕ್ಕೆ ಗೋಡೆ ಡ್ರಿಲ್‌ಗಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ಮನೆಯಲ್ಲೇ ಮಾಡಬಹುದು, ಕ್ಲಬ್ ಬೇಡ.

ಗೋಡೆಗೆ ಬೆನ್ನು ಮಾಡಿ, ಹಿಮ್ಮಡಿ ಗೋಡೆಯಿಂದ ಒಂದು ಗೇಣಿಗಿಂತ ಕಡಿಮೆ ದೂರದಲ್ಲಿರುವಂತೆ ನಿಲ್ಲಿ. ತೊಡೆಸಂದಿನಿಂದ ಬಾಗಿ, ಪೃಷ್ಠದ ಎರಡೂ ಬದಿ ಗೋಡೆಗೆ ಹಗುರವಾಗಿ ತಾಗಲಿ. ತಾಗದಿದ್ದರೆ ಸ್ವಲ್ಪ ಹಿಂದೆ ಸರಿಯಿರಿ. ಒರಗಬೇಡಿ, ತಾಗಿದರೆ ಸಾಕು. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. ಬ್ಯಾಕ್‌ಸ್ವಿಂಗ್ ಮಾಡಿದ ಹಾಗೆ ಬಲಕ್ಕೆ ತಿರುಗಿ. ಪೃಷ್ಠದ ಬಲಬದಿ ಗೋಡೆಗೆ ಒತ್ತಬೇಕು, ಎಡಬದಿ ಸ್ವಲ್ಪ ಬಿಡಬೇಕು. ಈಗ ಎಡಕ್ಕೆ ತಿರುಗಿ. ಎಡಬದಿ ಗೋಡೆಗೆ ಬಂದು ಒತ್ತಬೇಕು. ಬಲದಿಂದ ಎಡಕ್ಕೆ ಹೋಗುವ ನಡುವೆ ಯಾವ ಕ್ಷಣದಲ್ಲೂ ಗೋಡೆ ಪೂರ್ತಿ ಬಿಟ್ಟುಹೋಗಬಾರದು. ಮೊದಮೊದಲು ಬಿಟ್ಟೇ ಬಿಡುತ್ತದೆ. ತೀರಾ ನಿಧಾನ ಮಾಡಿ, ಎಲ್ಲಿ ಬಿಡುತ್ತದೆ ಅನ್ನುವುದು ಗೊತ್ತಾಗುವಷ್ಟು ನಿಧಾನ. ಹೆಚ್ಚಿನವರಿಗೆ ಅದು ತಿರುಗು ಎಡಕ್ಕೆ ಶುರುವಾಗುವ ಜಾಗದಲ್ಲೇ. ಎಡಬದಿಯನ್ನು ಹಿಂದಕ್ಕೆ ಎಳೆದುಕೊಂಡ ಹಾಗೆ ಯೋಚಿಸಿದರೆ ಸರಿಹೋಗುತ್ತದೆ.

ಇದು ಹಿಡಿತಕ್ಕೆ ಬಂದ ಮೇಲೆ ರೇಂಜ್‌ನಲ್ಲಿ ಗೋಡೆಯ ಬದಲು ನಿಮ್ಮ ಬ್ಯಾಗನ್ನು ಹಿಂದೆ ನಿಲ್ಲಿಸಿಕೊಂಡು ಅರ್ಧ ಸ್ವಿಂಗ್‌ನಲ್ಲಿ ಬಾಲ್ ಹೊಡೆಯಿರಿ. ಪೂರ್ತಿ ವೇಗಕ್ಕೆ ಆತುರ ಬೇಡ.

ಇನ್ನೊಂದು ಡ್ರಿಲ್ ಭುಜಗಳಿಗೆ. ಕ್ಲಬ್ಬನ್ನು ಎದೆಯ ಮೇಲೆ, ಎರಡೂ ಭುಜಗಳಿಗೆ ಅಡ್ಡಲಾಗಿ ಹಿಡಿದು ಬಾಗಿ ನಿಲ್ಲಿ. ಬಲಕ್ಕೆ ತಿರುಗಿದಾಗ ಎಡತುದಿ ಬಾಲಿನ ಕಡೆಗೆ, ಅಥವಾ ಬಾಲಿಗಿಂತ ಸ್ವಲ್ಪ ಆಚೆ ನೆಲವನ್ನು ತೋರಿಸಬೇಕು. ಅಡ್ಡಲಾಗಿ ದೂರದ ಮರದ ಕಡೆ ತೋರಿಸಿದರೆ ಬ್ಯಾಕ್‌ಸ್ವಿಂಗ್‌ನಲ್ಲೇ ಎದ್ದು ನಿಂತಿದ್ದೀರಿ. ನಿಮ್ಮ ಪಾದವನ್ನೇ ತೋರಿಸಿದರೆ ತಿರುಗಿಲ್ಲ, ಬರೀ ವಾಲಿದ್ದೀರಿ.

ರೇಂಜ್ ಮ್ಯಾಟ್ ಬಗ್ಗೆ ಒಂದು ಎಚ್ಚರಿಕೆ. ಕೆಲವು ಕಡೆ ಬಾಲ್ ಇಡುವ ಮ್ಯಾಟ್ ಮತ್ತು ನಿಲ್ಲುವ ಮ್ಯಾಟ್ ಬೇರೆ ಬೇರೆ ಎತ್ತರದಲ್ಲಿರುತ್ತವೆ. ನಿಲ್ಲುವ ಮ್ಯಾಟ್ ಸವೆದು ಹೋಗಿದ್ದರೆ ಬಾಲ್ ನಿಮ್ಮ ಪಾದಕ್ಕಿಂತ ಮೇಲಿರುತ್ತದೆ. ಅಲ್ಲಿ ನೆಟ್ಟಗೆ ನಿಂತು ರೂಢಿಯಾದವರು ಕೋರ್ಸ್‌ಗೆ ಹೋಗಿ ಟಾಪ್ ಹೊಡೆಯುತ್ತಾರೆ. ಜೊತೆಗೆ ಮ್ಯಾಟ್ ಮೇಲೆ ಫ್ಯಾಟ್ ಹೊಡೆದರೂ ಕ್ಲಬ್ ಜಾರಿ ಬಾಲಿಗೆ ತಗಲುತ್ತದೆ, ತಪ್ಪು ಗೊತ್ತೇ ಆಗುವುದಿಲ್ಲ. ಸಾಧ್ಯ ಇದ್ದಾಗ ಹುಲ್ಲಿನ ಮೇಲೆ ಅಭ್ಯಾಸ ಮಾಡಿ.

ಕ್ಲಬ್ ಬದಲಾದರೆ ಬಾಗು ಬದಲಾಗುತ್ತದೆ

ಪಿಚಿಂಗ್ ವೆಡ್ಜ್ ಸುಮಾರು 35.5 ಇಂಚು, 7 ಐರನ್ ಸುಮಾರು 37, ಡ್ರೈವರ್ 45ರ ಆಸುಪಾಸು. ಕ್ಲಬ್ ಉದ್ದವಾದಷ್ಟೂ ಬಾಲಿನಿಂದ ದೂರ ನಿಲ್ಲುತ್ತೀರಿ, ಬಾಗು ಕಡಿಮೆಯಾಗುತ್ತದೆ. ಇದನ್ನು ಬೇಕಂತ ಮಾಡಬೇಕಿಲ್ಲ. ಮೇಲಿನ ಕ್ರಮದಲ್ಲೇ ನಿಂತರೆ ಕ್ಲಬ್ಬೇ ನಿಮ್ಮನ್ನು ಅಷ್ಟು ದೂರಕ್ಕೆ ಕರೆದೊಯ್ಯುತ್ತದೆ. ವೆಡ್ಜ್ ಹೊಡೆದ ಮೇಲೆ ಡ್ರೈವರ್ ಕೈಗೆ ತೆಗೆದುಕೊಂಡು ಅದೇ ಬಾಗಿನಲ್ಲಿ ನಿಲ್ಲುವುದು, ಅದೇ ತಪ್ಪು.

ಈ ತಲೆನೋವೇ ಬೇಡ ಅಂತ ಅಮೆರಿಕದ ಆಟಗಾರ ಬ್ರೈಸನ್ ಡಿಶಾಂಬೋ ತಮ್ಮ ಐರನ್‌ಗಳನ್ನೆಲ್ಲ ಒಂದೇ ಉದ್ದಕ್ಕೆ, 37.5 ಇಂಚಿಗೆ ಮಾಡಿಸಿಕೊಂಡರು. ಯಾವ ಐರನ್ ಹಿಡಿದರೂ ಒಂದೇ ನಿಲುವು. 2020 ಮತ್ತು 2024ರಲ್ಲಿ ಯುಎಸ್ ಓಪನ್ ಗೆದ್ದದ್ದು ಅಂಥ ಕ್ಲಬ್‌ಗಳಿಂದಲೇ. ಹಾಗಂತ ನೀವೂ ಅಂಥದ್ದೇ ಸೆಟ್ ಕೊಳ್ಳಬೇಕಿಲ್ಲ. ಆದರೆ ಸೆಕೆಂಡ್ ಹ್ಯಾಂಡ್ ಸೆಟ್ ಕೊಳ್ಳುವಾಗ ಉದ್ದ ನೋಡಿ. ಆರಡಿ ಮೀರಿದ ಅಣ್ಣನ ಸೆಟ್ಟನ್ನು ಐದಡಿಯ ತಂಗಿ ಆಡಿದರೆ ಯಾವ ಡ್ರಿಲ್ ಮಾಡಿದರೂ ಬೆನ್ನು ಸರಿಹೋಗದು. ನಿಂತಾಗ ಕ್ಲಬ್‌ನ ತಲೆಯ ಮುಂದಿನ ತುದಿ ಗಾಳಿಯಲ್ಲಿ ತುಂಬಾ ಎದ್ದು ನಿಂತರೆ ಅಥವಾ ನೆಲಕ್ಕೆ ಚುಚ್ಚಿದರೆ ಕ್ಲಬ್ ಫಿಟ್ ಮಾಡುವವರಿಗೆ ತೋರಿಸಿ. ಕೋನ ತಿದ್ದಿಕೊಡುತ್ತಾರೆ.

ನೆಲ ಸಮ ಇಲ್ಲದಾಗ

ರೇಂಜ್ ಸಮತಟ್ಟು, ಕೋರ್ಸ್ ಹಾಗಿರುವುದಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್‌ನಲ್ಲಿ ಆಡಿ ರೂಢಿಯಾದವರು ಮಡಿಕೇರಿಯ ಮರ್ಕಾರಾ ಡೌನ್ಸ್ ಗಾಲ್ಫ್ ಕ್ಲಬ್‌ಗೆ ಹೋದರೆ ಮೊದಲ ಕೆಲವು ಹೋಲ್‌ಗಳಲ್ಲೇ ಇದು ಗೊತ್ತಾಗುತ್ತದೆ. ಅಲ್ಲಿ ಗುಡ್ಡದ ಏರಿಳಿತ, ಎರಡೂ ಪಾದ ಒಂದೇ ಮಟ್ಟದಲ್ಲಿ ಸಿಗುವುದು ಅಪರೂಪ.

ಬಾಲ್ ಪಾದಕ್ಕಿಂತ ಮೇಲಿದ್ದರೆ ನೆಟ್ಟಗೆ ನಿಲ್ಲಿ, ಕ್ಲಬ್ಬನ್ನು ಗ್ರಿಪ್‌ನ ಸ್ವಲ್ಪ ಕೆಳಭಾಗದಲ್ಲಿ ಹಿಡಿಯಿರಿ. ಬಾಲ್ ಎಡಕ್ಕೆ ಹೋಗುತ್ತದೆ, ಗುರಿಯನ್ನು ಬಲಕ್ಕೆ ಸರಿಸಿಕೊಳ್ಳಿ. ಬಾಲ್ ಪಾದಕ್ಕಿಂತ ಕೆಳಗಿದ್ದರೆ ಕಷ್ಟ ಜಾಸ್ತಿ. ಕಾಲು ಸ್ವಲ್ಪ ಅಗಲಿಸಿ, ತೊಡೆಸಂದಿನಿಂದ ಇನ್ನಷ್ಟು ಬಾಗಿ, ಮೊಣಕಾಲೂ ಸ್ವಲ್ಪ ಜಾಸ್ತಿ ಮಡಚಿ, ಹೊಡೆದು ಮುಗಿಯುವ ತನಕ ಅಲ್ಲೇ ಇರಿ. ಮುಕ್ಕಾಲು ಸ್ವಿಂಗ್ ಸಾಕು. ಬಾಲ್ ಬಲಕ್ಕೆ ಹೋಗುತ್ತದೆ. ಏರು ಅಥವಾ ಇಳಿಜಾರಿನಲ್ಲಿ ಭುಜಗಳನ್ನು ನೆಲದ ಓರೆಗೆ ಸಮಾನಾಂತರ ಮಾಡಿಕೊಳ್ಳಿ. ಇಳಿಜಾರಿನಲ್ಲಿ ಹಿಂದಕ್ಕೆ ವಾಲಿ ಬಾಲ್ ಎತ್ತಲು ಹೋದರೆ ಬಾಲಿನ ಹಿಂದಿನ ಮಣ್ಣೇ ಮೊದಲು ಸಿಗುವುದು.

ದೇಹ ಬಿಗಿ ಇದ್ದರೆ

ವಾರದ ಐದು ದಿನ ಲ್ಯಾಪ್‌ಟಾಪ್ ಮುಂದೆ ಕೂತು, ಭಾನುವಾರ ಬೆಳಿಗ್ಗೆ ಆರಕ್ಕೆ ಕಾರಿನಿಂದ ಇಳಿದು ನೇರ ಮೊದಲ ಟೀಗೆ (ಆಟ ಶುರುಮಾಡುವ ಜಾಗ) ಹೋಗುವವರೇ ಬೆಂಗಳೂರಿನಲ್ಲಿ ಜಾಸ್ತಿ. ಕೂತು ಕೂತು ತೊಡೆಯ ಮುಂಭಾಗ ಮತ್ತು ಹಿಂಭಾಗ ಬಿಗಿದಿರುತ್ತದೆ, ಮೇಲ್ಬೆನ್ನು ಮರಗಟ್ಟಿರುತ್ತದೆ. ಹೇಗೆ ನಿಲ್ಲಬೇಕು ಅನ್ನುವುದು ತಲೆಗೆ ಗೊತ್ತಿದ್ದರೂ ದೇಹ ಬರುವುದಿಲ್ಲ. ಮೊಣಕಾಲು ಮಡಚದೆ ಬಾಗಿ ಕಾಲ್ಬೆರಳು ಮುಟ್ಟಲು ನೋಡಿ. ಆಗದಿದ್ದರೆ ಸ್ವಿಂಗ್ ಪಾಠಕ್ಕಿಂತ ಮೊದಲು ಇದರ ಕೆಲಸ ಮಾಡಿ.

ಇದಕ್ಕೆ ಜಿಮ್ ಬೇಕಿಲ್ಲ. ಬೆನ್ನು ಸಡಿಲವಾಗಲು ಮಾರ್ಜಾಲಾಸನ, ಮೇಲ್ಬೆನ್ನು ತಿರುಗಲು ವಕ್ರಾಸನ, ತೊಡೆಯ ಹಿಂಭಾಗಕ್ಕೆ ಉತ್ತಾನಾಸನ, ಪೃಷ್ಠದ ಸ್ನಾಯುವಿಗೆ ಸೇತುಬಂಧಾಸನ. ದಿನಾ ಹತ್ತು ನಿಮಿಷ ಸಾಕು. ಆಟಕ್ಕೆ ಮೊದಲು ಬೆನ್ನ ಮೇಲೆ ಕ್ಲಬ್ ಇಟ್ಟು ಬಾಗುವ ಪರೀಕ್ಷೆಯನ್ನೇ ಕೆಲವು ಸಲ ಮಾಡಿದರೆ ಅದೇ ವಾರ್ಮಪ್ ಆಗುತ್ತದೆ. ನೋವು ಕಾಲಿಗೆ ಇಳಿಯುತ್ತಿದ್ದರೆ, ಅಥವಾ ಆಡಿದ ಮರುದಿನವೂ ಇದ್ದರೆ ಡ್ರಿಲ್ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ದೂರ ಹೊಡೆಯಲು ದೇಹ ಬರುತ್ತಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ, ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿಸಿಕೊಂಡಾಗ, ಡ್ರೈವ್ ದೂರದಲ್ಲಿ ಅವರು ಮುಂದಿದ್ದವರಿಗಿಂತ ಎಷ್ಟೋ ಹಿಂದಿದ್ದರು. ಬಾಲ್ ಬೇಕಾದ ಕಡೆ ಹೋಗುತ್ತಿತ್ತು, ಪಟ್ (ಕುಳಿಗೆ ಉರುಳಿಸುವ ಹೊಡೆತ) ಬೀಳುತ್ತಿತ್ತು. ಬೆಂಗಳೂರಿನ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಕೋರ್ಸ್‌ನಲ್ಲಿ ಪ್ರೊ ಟೂರ್ನಿ ನಡೆಯುವಾಗ ಹೋಗಿ ನೋಡುವುದಾದರೆ ಕುಳಿ ಇರುವ ಗ್ರೀನ್ ಹತ್ತಿರ ನಿಲ್ಲುವ ಬದಲು ಪ್ರ್ಯಾಕ್ಟೀಸ್ ರೇಂಜ್‌ಗೆ ಹೋಗಿ. ಕ್ಯಾಡಿಯಾಗಿ ಶುರುಮಾಡಿ 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಅವರಂಥವರು ಬೆಳೆದದ್ದು ಇದೇ ಊರಿನ ಕೋರ್ಸ್‌ನಲ್ಲಿ, ಬೇರೆಯವರನ್ನು ನೋಡಿ ನೋಡಿ. ಬಾಲ್ ಎಲ್ಲಿ ಹೋಯಿತು ಅಂತ ನೋಡಬೇಡಿ. ಅವರು ಹೇಗೆ ನಿಲ್ಲುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ನೋಡಿ.

ಕೋರ್ಸ್‌ನಲ್ಲಿ

ಇಷ್ಟೆಲ್ಲವನ್ನೂ ಪ್ರತಿ ಹೊಡೆತಕ್ಕೆ ನೆನಪಿಸಿಕೊಂಡರೆ ಹಿಂದಿನ ತಂಡ ಕಿರುಚಾಡುತ್ತದೆ. ಮನೆಯಲ್ಲಿ ಮತ್ತು ರೇಂಜ್‌ನಲ್ಲಿ ರೂಢಿ ಮಾಡಿಕೊಳ್ಳಿ. ಕೋರ್ಸ್‌ನಲ್ಲಿ ಮೂರೇ ಸಾಕು. ನೆಟ್ಟಗೆ ನಿಂತು ಪಾದ ಇಡಿ, ತೊಡೆಸಂದಿನಿಂದ ಬಾಗಿ, ಕೈ ತೂಗಿಬಿಡಿ. ನಿಂತ ಮೇಲೆ ತುಂಬಾ ಹೊತ್ತು ಕಾಯಬೇಡಿ, ಮರಗಟ್ಟಿ ನಿಂತಷ್ಟೂ ಬೆನ್ನು ಕುಸಿಯುತ್ತದೆ. ಕೊನೆಯ ನಾಲ್ಕೈದು ಹೋಲ್‌ಗಳಲ್ಲಿ ದಣಿವಾಗಿ ಟಾಪ್ ಹೆಚ್ಚಾದರೆ ಗ್ರಿಪ್ ಬದಲಿಸುವ ಬದಲು ನೀರು ಕುಡಿದು ಮತ್ತೆ ನೆಟ್ಟಗೆ ನಿಂತು ಶುರುಮಾಡಿ.

ರೇಂಜ್‌ನಲ್ಲಿ ಪಾದದ ಮುಂದೆ ಕ್ಲಬ್ ಅಥವಾ ಅಲೈನ್‌ಮೆಂಟ್ ಸ್ಟಿಕ್ (ದಿಕ್ಕು ನೋಡಿಕೊಳ್ಳುವ ಕಡ್ಡಿ) ಇಟ್ಟುಕೊಂಡು ನಿಲುವು ನೋಡಿಕೊಳ್ಳುವ ಅಭ್ಯಾಸ ಒಳ್ಳೆಯದು. ಪಂದ್ಯದಲ್ಲಿ ಹಾಗೆ ಮಾಡಬೇಡಿ. 2019ರಿಂದ ಜಾರಿಯಲ್ಲಿರುವ ನಿಯಮ 10.2ಬಿ ಪ್ರಕಾರ ಪಾದ ಅಥವಾ ದೇಹ ಹೊಂದಿಸಿಕೊಳ್ಳಲು ಇಟ್ಟ ವಸ್ತುವನ್ನು ಬಳಸಿ ನಿಂತುಬಿಟ್ಟರೆ, ಹೊಡೆಯುವ ಮೊದಲು ಅದನ್ನು ತೆಗೆದರೂ ಪೆನಾಲ್ಟಿ ತಪ್ಪುವುದಿಲ್ಲ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಅದು ಎರಡು ಹೊಡೆತ.